ಬೀದಿ ದಾಟಿದ್ರೆ ಸಾಕು

ಮಾರ್ಚ್ ೪

ಓದೋ ಮೇಡಂ ಅವರಿಗೆ,

ನಮಸ್ಕಾರ, ನಮಸ್ಕಾರ, ನಮಸ್ಕಾರ! ಒಂದು ನನ್ನದು, ಒಂದು ನಮ್ಮ ದೊಡ್ಡಮ್ಮಂದು, ಇನ್ನೊಂದು ಎಕ್ಸ್‌ಟ್ರಾ.

ನಾನು ಹುಟ್ಟಿದಾಗಿಂದ ಪತ್ರ ಬರೆದವಳೇ ಅಲ್ಲ. ಮೆಸೇಜ್ ಹಾಕೋಣ ಅಂತ ನಿಮ್ಮ ಆಫೀಸಿಗೆ ಫೋನ್ ಮಾಡಿ ನಂಬರ್ ಕೇಳಿದ್ರೆ, ಮ್ಯಾನೇಜರ್ ಸಾಹೇಬ್ರು "ಅವರು ಪುಸ್ತಕ ಓದೋ ಹೊತ್ತು ಬಿಟ್ರೆ ಮಾತೇ ಆಡಲ್ಲಮ್ಮ, ಗಂಟಲು ಉಳಿಸ್ಕೋಬೇಕು ಅಂತ ಡಾಕ್ಟರ್ ಹೇಳಿದ್ದಾರೆ. ಏನಿದ್ರೂ ಬರೆದು ಕಳಿಸು" ಅಂದ್ರು. ಅದಕ್ಕೇ ಈ ಪತ್ರ. ಇದು ಉದ್ದದ ಮೆಸೇಜ್ ಅಂದ್ಕೊಂಡು ಓದಿ. ನಾನು ಮಧ್ಯೆ ಮಧ್ಯೆ ನಗೋ ಮುಖ ಹಾಕಿದೀನಿ ಅಂತಾನೂ ಅಂದ್ಕೊಳ್ಳಿ.

ದೊಡ್ಡಮ್ಮನಿಗೆ ಕಣ್ಣು ಕಾಣಲ್ಲ. ಕಣ್ಣು ಕಾಣದವರಿಗೆ ಅಂತ ನಿಮ್ಮವರು ಪುಸ್ತಕ ಓದಿ ರೆಕಾರ್ಡ್ ಮಾಡಿ ತಿಂಗಳಿಗೊಂದು ಚಿಪ್ ಕಳಿಸ್ತಾರಲ್ಲ, ನಮ್ಮನೆಗೆ ಬರೋ ನೆಂಟರು ಅಂದ್ರೆ ಅದೊಂದೇ. ನಿಮ್ಮ ದನಿ ಬಂದ್ರೆ ದೊಡ್ಡಮ್ಮ ಸೀರೆ ಸೆರಗು ಸರಿ ಮಾಡ್ಕೊಳ್ತಾಳೆ. "ಅವರಿಗೆ ನೀನು ಕಾಣಲ್ಲ ದೊಡ್ಡಮ್ಮಾ" ಅಂದ್ರೆ "ನನಗೂ ಅವಳು ಕಾಣಲ್ಲ, ಅದಕ್ಕೇನೀಗ" ಅಂತಾಳೆ. ಹೋದ ತಿಂಗಳು ಒಂದು ಕಡೆ ನಿಮ್ಮ ಹೊಟ್ಟೆ ಗುರ್ ಅಂದಿದ್ದು ಕೇಳಿಸ್ತಂತೆ ಅವಳಿಗೆ. "ಬರೀ ಹೊಟ್ಟೇಲಿ ಓದ್ತಾಳೆ ಪಾಪದವಳು" ಅಂತ ಎರಡು ದಿನ ಅದೇ ಮಾತು.

ಈಗ ವಿಷಯಕ್ಕೆ ಬರ್ತೀನಿ. ಬೈಬೇಡಿ. ಈ ದೋಣಿ ನಡೆಸೋ ಹೆಂಗಸಿನ ಕಾದಂಬರಿಯಲ್ಲಿ, ಅವಳ ತಮ್ಮ ದಡದ ಮೇಲೆ ಕೂತು ಅಳ್ತಾ ಇದ್ದ. ಮುಂದಿನ ಸಾಲಲ್ಲಿ ನೋಡಿದ್ರೆ ದೋಣಿಯೊಳಗೆ ಕೂತು ನೀರು ಮೊಗೆದು ಚೆಲ್ತಿದ್ದಾನೆ. ಅವನು ದೋಣಿ ಹತ್ತಿದ್ದು ಯಾವಾಗ? ನಾನು ಹಿಂದೆ ಮುಂದೆ ಓಡಿಸಿ ಓಡಿಸಿ ಕೇಳಿದೆ. ದೊಡ್ಡಮ್ಮ ಅಂತೂ "ಹಾರಿರಬೇಕು" ಅಂದ್ಬಿಟ್ಳು.

ನನಗೆ ಮಾತ್ರ ಸಮಾಧಾನ ಇಲ್ಲ. ಉತ್ತರ ಬರೀತೀರಾ? ಟೈಲರ್ ಅಂಗಡಿ ವಿಳಾಸ ಕವರಿನ ಮೇಲಿದೆ. ಟೈಲರ್ ನಮಗೆ ದೂರದಿಂದ ಮಾವ ಆಗಬೇಕು, ಅಲ್ಲಿಗೆ ಕಳಿಸಿದ್ರೆ ನನಗೆ ಸಿಕ್ಕೇ ಸಿಗುತ್ತೆ.

ನಿಮ್ಮ ನಂಬರ್ ಒನ್ ಅಭಿಮಾನಿ
(ದೊಡ್ಡಮ್ಮ ತಾನೇ ನಂಬರ್ ಒನ್ ಅಂತಾಳೆ. ಹಂಗಾದ್ರೆ ನಾನು ಒನ್ ಎ.)

ಮಾರ್ಚ್ ೧೫

ಅಭಿಮಾನಿಯವರಿಗೆ,

ನಿಮ್ಮ ಪತ್ರ ಬಂತು. ಪುಸ್ತಕ ತೆಗೆದು ನೋಡಿದೆ. ಎರಡು ಹಾಳೆ ಅಂಟಿಕೊಂಡಿದ್ವು, ನಾನು ಒಟ್ಟಿಗೆ ತಿರುವಿಬಿಟ್ಟಿದ್ದೆ. ಆ ಹುಡುಗ ಹಾರಲಿಲ್ಲ. ಅಕ್ಕ ವಾಪಸ್ ಬಂದು, ನೀರಿಗಿಳಿದು, ಹೆಗಲ ಮೇಲೆ ಹೊತ್ತು ತಂದಳು. ಪುಸ್ತಕದಲ್ಲೇ ಚೆನ್ನಾಗಿರೋ ಪುಟ ಅದು. ನಿಮಗೂ ನಿಮ್ಮ ದೊಡ್ಡಮ್ಮನವರಿಗೂ ಅದನ್ನೇ ತಪ್ಪಿಸಿದೆ. ಕ್ಷಮಿಸಿ.

ಮೊದಲು ಹೀಗಾಗ್ತಿರಲಿಲ್ಲ. ನಾನು ಓದುವಾಗ ಇನ್ನೊಂದು ಪ್ರತಿ ಹಿಡಿದು ಎದುರಿಗೆ ಒಬ್ಬರು ಕೂರ್ತಿದ್ರು. ತಪ್ಪಿದ ಕಡೆ ಪೆನ್ಸಿಲಿನಿಂದ ಮೇಜು ಟಕ್ ಅಂತ ತಟ್ಟೋರು. ನಾನು ಹಿಂದೆ ಹೋಗಿ ಓದೋಳು. ನಮ್ಮಲ್ಲಿ ಆ ಕೆಲಸಕ್ಕೆ 'ಕಿವಿ' ಅಂತೀವಿ. ಹೋದ ವರ್ಷದಿಂದ ನನಗೆ ಕಿವಿ ಇಲ್ಲ.

ಒಂದು ಕೇಳಲಾ? ಟೈಲರ್ ಅಂಗಡಿ ಅಂದ್ರೆ ನಮ್ಮ ಎದುರಿಗಿರೋದೇ. ಅದರ ಮೇಲಿನ ರೂಮಿನವರಾ ನೀವು? ನಮ್ಮ ಗೋಡೆ ತೆಳು. ಬೆಳಕು ಹರಿಯೋಕೆ ಮುಂಚೆ ಕೂತು, ಬೀದಿಲಿ ಮೊದಲ ಬಸ್ಸು ಓಡೋ ತನಕ ಓದ್ತೀನಿ. ಆಮೇಲೆ ಆಗಲ್ಲ, ಬಸ್ಸಿನ ಸದ್ದೆಲ್ಲ ಪುಸ್ತಕದೊಳಗೆ ಬರುತ್ತೆ. ಆ ಹೊತ್ತಲ್ಲಿ ಇಡೀ ಬೀದಿಗೆ ಎರಡೇ ದೀಪ. ಒಂದು ನಂದು, ಇನ್ನೊಂದು ಆ ಮೇಲಿನ ಕಿಟಕಿದು. ಪರದೆ ಹಿಂದೆ ನೆರಳು ಮಾತ್ರ ಕಾಣುತ್ತೆ. ಯಾರಿರಬಹುದು ಅಂತ ಬಹಳ ದಿನದಿಂದ ಅಂದ್ಕೊಳ್ತಿದ್ದೆ.

ನಿಮ್ಮ ದೊಡ್ಡಮ್ಮನವರಿಗೆ ಹೇಳಿ, ಈಗ ಎರಡು ಬಿಸ್ಕತ್ತು ತಿಂದು ಓದ್ತೀನಿ.

ಇಂತಿ,
ಓದುವವಳು

ಮಾರ್ಚ್ ೧೯

ಮೇಡಂ ಮೇಡಂ ಮೇಡಂ,

ನಿಮ್ಮ ಪತ್ರ ಬಂತು!! ನಿಮ್ಮ ಅಕ್ಷರಾನೂ ನಿಮ್ಮ ದನಿ ಥರಾನೇ ಇದೆ, ಎಲ್ಲೂ ಅವಸರ ಇಲ್ಲ. ಹೆಗಲ ಮೇಲೆ ಹೊತ್ತು ತಂದ ವಿಷಯ ಓದಿ ಹೇಳಿದೆ. ದೊಡ್ಡಮ್ಮ "ನಾನು ಅಂದ್ಕೊಂಡೆ" ಅಂದ್ಳು. ಏನೂ ಅಂದ್ಕೊಂಡಿರಲಿಲ್ಲ, ಸುಳ್ಳಿ!

ಆ ದೀಪದ ವಿಷಯ ಒಂದು ಹೇಳ್ಬೇಕು. ಆದ್ರೆ ಅದಕ್ಕೆ ಮುಂಚೆ ಕಿವಿ ಬಗ್ಗೆ ಕೇಳ್ಬಿಡ್ತೀನಿ. ಆ ಕೆಲಸಕ್ಕೆ ಏನು ಓದಿರಬೇಕು? ಮೊದಲಿದ್ದವರು ಎಲ್ಲಿ ಹೋದ್ರು? ನಾನೂ ಕೆಲಸ ಹುಡುಕ್ತಾ ಇದೀನಿ. ಬಟ್ಟೆ ಅಂಗಡಿ, ಔಷಧಿ ಅಂಗಡಿ, ಕಣ್ಣಿನ ಡಾಕ್ಟರ ಹತ್ರ ಚೀಟಿ ಬರೆಯೋ ಕೆಲಸ, ಎಲ್ಲಾ ಕಡೆ ಹೋಗಿ ಬಂದೆ. ಎಲ್ಲರದ್ದೂ ಮೊದಲ ಪ್ರಶ್ನೆ ಒಂದೇ, ಉತ್ತರ ಕೇಳಿದ ತಕ್ಷಣ ಅವರ ಮುಖ ಮಾಡೋದೂ ಒಂದೇ ಥರ. ಆ ಪ್ರಶ್ನೆ ಏನು ಅಂತ ಇನ್ನೊಂದ್ಸಲ ಹೇಳ್ತೀನಿ.

ನಿಜ ಹೇಳ್ಲಾ? ಬೇರೆ ಕೆಲಸಗಳೆಲ್ಲ ಸಿಗಲಿ ಅಂತ ಕೇಳಿದ್ದು. ಇದು ಮಾತ್ರ ಬೇಕು ಅನ್ನಿಸ್ತಿದೆ. ನೀವು ಓದ್ತಾ ಇರ್ತೀರಿ, ನಾನು ಎದುರಿಗೆ ಕೂತು ಬೆರಳಿಟ್ಟು ಸಾಲು ನೋಡ್ಕೊಂಡು ಬರ್ತೀನಿ. ತಪ್ಪೇ ಬರದಿದ್ರೂ ಪರವಾಗಿಲ್ಲ, ಸುಮ್ಮನೆ ಕೂತಿರ್ತೀನಿ.

ಅಯ್ಯೋ ಹಾಳೆ ಮುಗೀತು. ದೀಪದ ವಿಷಯ ಆಮೇಲೆ.

ಒನ್ ಎ

ಏಪ್ರಿಲ್ ೨

ಮಗು,

ನೀನು ಅಂದ್ರೆ ತಪ್ಪಿಲ್ಲ ತಾನೆ? 'ನೀವು' ಬರೆದು ಬರೆದು ಯಾಕೋ ಬಾಗಿಲ ಹೊರಗೆ ನಿಲ್ಲಿಸಿ ಮಾತಾಡಿಸಿದ ಹಾಗನ್ನಿಸ್ತು.

ಕಿವಿಗೆ ಹೆಚ್ಚು ಓದು ಬೇಡ. ತಾಳ್ಮೆ ಬೇಕು. ಮೊದಲಿದ್ದವರು ಒಬ್ಬ ರಿಟೈರ್ಡ್ ಮೇಷ್ಟ್ರು. ಇಲ್ಲೇ ಹಿಂದಿನ ಗಲ್ಲಿಯಲ್ಲಿದ್ರು. ಮನೆ ಮಾಲೀಕ ಬಿಡಿಸಿದ ಮೇಲೆ ಊರಾಚೆ ಹೋದ್ರು. ಅಲ್ಲಿಂದ ಮೊದಲ ಬಸ್ಸಲ್ಲೇ ಬರ್ತಿದ್ರು, ಒಂದು ದಿನಾನೂ ತಪ್ಪಿಸಿಲ್ಲ. ಆದ್ರೆ ಏನು ಮಾಡೋದು? ಅವರನ್ನ ಕರ್ಕೊಂಡು ಬರೋ ಬಸ್ಸೇ ನಮ್ಮ ಕೆಲಸ ನಿಲ್ಲಿಸೋ ಬಸ್ಸು. ಅವರು ಮೆಟ್ಟಿಲು ಹತ್ತೋ ಹೊತ್ತಿಗೆ ನಾನು ಮೈಕು ಆರಿಸ್ತಿದ್ದೆ. ಅಷ್ಟು ದೂರದಿಂದ ಬಂದಿದ್ದಾರೆ ಅಂತ ಎದುರುಬದುರು ಸ್ವಲ್ಪ ಹೊತ್ತು ಸುಮ್ಮನೆ ಕೂರ್ತಿದ್ವಿ. ಒಂದು ದಿನ ಪೆನ್ಸಿಲು ಮೇಜಿನ ಮೇಲಿಟ್ಟು ಹೋದವರು ಬರಲಿಲ್ಲ. ಆ ಪೆನ್ಸಿಲು ಅಲ್ಲೇ ಇದೆ.

ಅದಾದ ಮೇಲೆ ಮ್ಯಾನೇಜರು ನಿಯಮ ಮಾಡಿಟ್ಟಿದ್ದಾರೆ. ಅವರ ಮೇಜಿನ ಮೇಲೆ ಮೂರು ಟ್ರೇ: 'ನಡೆದು ಬರೋರು', 'ಒಂದು ಬಸ್ಸು', 'ಉಳಿದವರು'. ಅರ್ಜಿ ಬಂದ ತಕ್ಷಣ ವಿಳಾಸ ನೋಡಿ ಹಾಕ್ತಾರೆ. ಮೊದಲನೇ ಟ್ರೇ ಮಾತ್ರ ತೆಗೆದು ಓದ್ತಾರೆ.

ನಿನಗೆ ಆ ತಾಪತ್ರಯ ಇಲ್ಲವಲ್ಲ. ಬೀದಿ ದಾಟಿದ್ರೆ ಸಾಕು. ಅರ್ಜಿ ಹಾಕು.

ನಾಳೆಯಿಂದ ಓದೋಕೆ ಕೂರೋ ಮುಂಚೆ ನಿನ್ನ ಕಿಟಕಿ ಕಡೆ ಕೈ ಬೀಸ್ತೀನಿ. ನನಗೆ ದೂರದ್ದು ಅಷ್ಟು ಸರಿಯಾಗಿ ಕಾಣಲ್ಲ. ನೀನು ಜೋರಾಗಿ ಬೀಸಬೇಕು.

ಓದೋಳು

ಏಪ್ರಿಲ್ ೬

ಮೇಡಂ,

ನೀನು ಅನ್ನಿ, ನೀನೇ ಅನ್ನಿ! ಆ ಸಾಲು ಎಷ್ಟು ಸಲ ಓದಿದೆ ಅಂತ ಲೆಕ್ಕ ಇಲ್ಲ.

ಅರ್ಜಿ ಹಾಕಿದೀನಿ. ಟೈಲರ್ ಅಂಗಡಿ ವಿಳಾಸ ಕೊಟ್ಟು.

ಕೈ ಬೀಸಿದ್ರಾ? ನಾನು ಸ್ವಲ್ಪ... ನಿದ್ದೆಗಣ್ಣಲ್ಲಿರ್ತೀನಿ ಆ ಹೊತ್ತಲ್ಲಿ. ತಿರುಗಿ ಬೀಸಲಿಲ್ಲ ಅಂದ್ರೆ ಬೇಜಾರು ಮಾಡ್ಕೋಬೇಡಿ. ಮೇಷ್ಟ್ರ ಪೆನ್ಸಿಲು ಯಾರಿಗೂ ಕೊಡಬೇಡಿ, ಪ್ಲೀಸ್.

ಒಂದು ಡೌಟು. ಓದೋ ಹೊತ್ತು ಯಾವತ್ತೂ ಬದಲಾಗಲ್ವಾ? ಸ್ವಲ್ಪ ತಡವಾಗಿ? ಸುಮ್ಮನೆ ಕೇಳಿದೆ.

ಒನ್ ಎ

ಏಪ್ರಿಲ್ ೧೯

ಮಗು,

ಒಳ್ಳೇ ಸುದ್ದಿ. ನಿನ್ನ ಅರ್ಜಿ ಮೊದಲನೇ ಟ್ರೇಯಲ್ಲಿ ಎಲ್ಲಕ್ಕಿಂತ ಮೇಲೆ ಕೂತಿತ್ತು. "ಎದುರುಗಡೇನೇ ಅಂತೆ ಕಣ್ರೀ, ಕಿಟಕಿಯಿಂದ ಕೂಗಿದ್ರೆ ಬರ್ತಾಳೆ" ಅಂತ ಮ್ಯಾನೇಜರು ಖುಷಿಯಾಗಿದ್ದಾರೆ. ಪರೀಕ್ಷೆಗೆ ಅಂತ ಕಳಿಸಿದ ಓದಿನಲ್ಲಿ ತಪ್ಪು ಎಲ್ಲೆಲ್ಲಿದೆ ಅಂತ ನೀನೇ ಮಾತಾಡಿ ಚಿಪ್‌ನಲ್ಲಿ ತುಂಬಿಸಿ ಕಳಿಸಿದ್ಯಲ್ಲ, ನಾನೂ ಅವರೂ ಕೂತು ಕೇಳಿದ್ವಿ. ಎಲ್ಲವನ್ನೂ ಹಿಡಿದಿದೀಯ. "ಇಲ್ಲಿ ಮೇಡಂ ಬೇಕಂತ ತಪ್ಪಿದ್ದಾರೆ, ದನಿಯಲ್ಲಿ ನಗು ಇದೆ" ಅಂದಿದ್ದೀಯ. ಮ್ಯಾನೇಜರು ನನ್ನ ಮುಖ ನೋಡಿದ್ರು. ನಿಜ, ನಕ್ಕಿದ್ದೆ.

ನಿನ್ನ ದನಿ ಕೇಳಿದ್ದು ಮೊದಲ ಸಲ. ನಾನು ಅಂದ್ಕೊಂಡಿದ್ದಕ್ಕಿಂತ ಮೆಲ್ಲಗಿದೆ. ಮತ್ತೆ ನಿನ್ನ ರೂಮು ಎಷ್ಟು ಶಾಂತವಾಗಿದೆ! ನಮ್ಮ ಸ್ಟುಡಿಯೋನೇ ನಾಚ್ಕೋಬೇಕು. ಮೇಲಿದೆ ಅಂತಲೋ ಏನೋ.

ಸೋಮವಾರ ಬೆಳಕು ಹರಿಯೋ ಮುಂಚೆ ಬಂದುಬಿಡು. ಅವತ್ತೊಂದು ದಿನ ಕೂತು ತೋರಿಸಿದ್ರೆ ಕೆಲಸ ನಿಂದೇ ಅಂತ ಮಾತು ಕೊಟ್ಟಿದ್ದಾರೆ.

ಇನ್ನೊಂದು. ನಿನ್ನೆ ನೀನು ತಿರುಗಿ ಕೈ ಬೀಸಿದೆ. ಪರದೆ ಹಿಂದೆ ಕಂಡಿತು. ನನಗೆ ಯಾರಾದ್ರೂ ಹಾಗೆ ತಿರುಗಿ ಕೈ ಬೀಸಿ ಬಹಳ ಕಾಲ ಆಗಿತ್ತು ಮಗಳೇ. ಆವತ್ತು ಓದಿದ ಅಧ್ಯಾಯ ನೀನು ಕೇಳಬೇಕು.

ಓದೋಳು

ಏಪ್ರಿಲ್ ೨೨

ಮೇಡಂ,

ಬರ್ತೀನಿ. ಬಂದೇ ಬರ್ತೀನಿ.

ಏಪ್ರಿಲ್ ೨೮

ಅಭಿಮಾನಿಯವರಿಗೆ,

ಸೋಮವಾರ ನೀವು ಬರಲಿಲ್ಲ.

ಕಿಟಕಿಯಲ್ಲಿ ದೀಪ ಉರೀತಿತ್ತು. ಮ್ಯಾನೇಜರು ಗಡಿಯಾರ ನೋಡ್ತಾ ನಿಂತಿದ್ರು. ನಾನು "ಬರ್ತಾಳೆ ಇರಿ, ಎದುರುಗಡೇನೇ ಅಲ್ವಾ" ಅಂತ ಅಂದಿದ್ದು ಒಂದು ಸಲ ಅಲ್ಲ. ಅಷ್ಟು ಮಾತಾಡಿದ್ದಕ್ಕೆ ಗಂಟಲು ಇನ್ನೂ ನೋಯ್ತಿದೆ. ಕೊನೆಗೆ ಬಸ್ಸು ಬಂತು, ಮೈಕು ಆರಿಸಿದೆ.

ಹುಷಾರಿಲ್ಲದಿದ್ರೆ ಒಂದು ಚೀಟಿ ಕಳಿಸಬಹುದಿತ್ತು. ಮನಸ್ಸಿಲ್ಲದಿದ್ರೆ ಮೊದಲೇ ಹೇಳಬಹುದಿತ್ತು. ಮೇಷ್ಟ್ರು ಊರಾಚೆಯಿಂದ ದಿನಾ ಬರ್ತಿದ್ರು. ನಿಮಗೆ ಒಂದು ಬೀದಿ ದಾಟೋಕೆ ಆಗಲಿಲ್ಲ.

ಪಕ್ಕದ ರಸ್ತೆಯ ಒಬ್ಬರನ್ನ ಕೆಲಸಕ್ಕೆ ತಗೊಂಡಿದ್ದಾರೆ. ನಿಮ್ಮ ದೊಡ್ಡಮ್ಮನವರಿಗೆ ಚಿಪ್ ತಪ್ಪದೆ ಬರುತ್ತೆ.

ಇಂತಿ,
ಓದುವವಳು

ಮೇ ೨

ಮೇಡಂ,

ಮತ್ತೆ 'ನೀವು' ಮಾಡಿಬಿಟ್ರಲ್ಲ. ಮಾಡಿ. ನನಗೆ ಆಗಬೇಕಾದ್ದೇ.

ದೀಪದ ವಿಷಯ ಈಗ ಹೇಳ್ತೀನಿ. ಆ ದೀಪ ನಂದಲ್ಲ.

ನಾನು ಇರೋದು ಕೊನೇ ಸ್ಟಾಪಲ್ಲಿ. ನಿಮ್ಮ ಬೀದೀಲಿ ಓಡೋ ಮೊದಲ ಬಸ್ಸಿದೆಯಲ್ಲ, ಅದು ಹೊರಡೋದೇ ನಮ್ಮನೆ ಮುಂದಿನಿಂದ. ಇಟ್ಟಿಗೆ ಭಟ್ಟಿ ದಾಟಿದ ಮೇಲೆ ರಸ್ತೆ ಮುಗಿಯುತ್ತೆ, ಬಸ್ಸು ಸುತ್ತು ಹಾಕಿ ತಿರುಗೋ ಜಾಗ ಇದೆ, ಅದರ ಪಕ್ಕದ್ದೇ ನಮ್ಮನೆ. ಇಲ್ಲಿಗೆ ಅಂಚೆಯವರು ಮನಸ್ಸಾದಾಗ ಬರ್ತಾರೆ. ಅದಕ್ಕೇ ಟೈಲರ್ ಮಾವನ ವಿಳಾಸ ಕೊಟ್ಟಿದ್ದು. ನಿಮ್ಮ ಪತ್ರ ಮಾವ ಕಂಡಕ್ಟರ್ ಕೈಗೆ ಕೊಡ್ತಾನೆ, ಕಂಡಕ್ಟರ್ ಟಿಕೆಟ್ ಬ್ಯಾಗಲ್ಲಿ ಇಟ್ಕೊಂಡು ಬಂದು ನನಗೆ ಕೊಡ್ತಾನೆ. "ಯಾರಮ್ಮ ಇದು, ದಿನಾ ಬಸ್ಸಿಗೆ ಬಂದು ನಿಂತ್ಕೊಳ್ತೀಯಲ್ಲ, ಹುಡುಗನಾ?" ಅಂತ ರೇಗಿಸ್ತಾನೆ.

ನಾನು ಮೇಲಿನ ರೂಮಲ್ಲಿದೀನಿ ಅಂತ ನೀವೇ ಅಂದ್ಕೊಂಡ್ರಿ. ಅಲ್ಲ ಅಂತ ಬರೆಯೋಕೆ ಕೂತೆ ಮೇಡಂ, ಆಣೆಗೂ. ಆದ್ರೆ ಕಿವಿ ಕೆಲಸ ಅಂತ ನೀವು ಬರೆದಿದ್ರಿ. 'ಎಲ್ಲಿರೋದು?' ಅನ್ನೋ ಪ್ರಶ್ನೆಗೆ ಉತ್ತರ ಕೊಟ್ಟೂ ಕೊಟ್ಟೂ ನನಗೆ ಸಾಕಾಗಿತ್ತು. ಔಷಧಿ ಅಂಗಡಿಯವರು ನನ್ನ ಮಾರ್ಕ್ಸ್ ಕಾರ್ಡ್ ನೋಡಿ ನಗ್ತಾ ಇದ್ದವರು, ಊರು ಕೇಳಿ "ಅಯ್ಯೋ, ಅಲ್ಲಿಂದಾನಾ?" ಅಂತ ಕಾರ್ಡ್ ಮಡಚಿ ಕೊಟ್ರು. ನಾನೇನೋ ರೋಗ ಹೇಳ್ಕೊಂಡ ಹಂಗೆ! ಮೊದಲ ಸಲ ಒಬ್ಬರು ಕೇಳದೇನೇ ನನ್ನನ್ನ ಹತ್ತಿರದವಳು ಅಂದ್ಕೊಂಡ್ರು. ಅದನ್ನ ಕಳ್ಕೊಳ್ಳೋಕೆ ಮನಸ್ಸು ಬರಲಿಲ್ಲ. ಇನ್ನೂ ಒಂದಿದೆ. ಮಾರ್ಚ್ ಕೊನೇಲಿ ಬಂದ ಚಿಪ್‌ನಲ್ಲೂ ಕಿವಿ ಬೇಕು ಅಂತ ಹೇಳಿದ್ರಲ್ಲ, ಆವತ್ತೇ ನನ್ನ ನಿಜ ವಿಳಾಸ ಹಾಕಿ ಒಂದು ಅರ್ಜಿ ಕಳಿಸಿದ್ದೆ. ಅದು ಯಾವ ಟ್ರೇಯಲ್ಲಿದೆ ಅಂತ ನಿಮ್ಮ ಟ್ರೇ ಪತ್ರ ಓದಿದಾಗ ಗೊತ್ತಾಯ್ತು.

ಹತ್ರ ಬಂದು ರೂಮು ಮಾಡು ಅಂತೀರಿ ನೀವು. ದೊಡ್ಡಮ್ಮನ ಬಿಟ್ಟು ಹೆಂಗೆ ಬರಲಿ? ಹಗಲು ಪಕ್ಕದ ಮನೆ ಅತ್ತೆ ನೋಡ್ಕೊಳ್ತಾರೆ. ಬೆಳಿಗ್ಗೆ ಒಲೆ ಹಚ್ಚೋದು ನಾನು. ನನ್ನನ್ನ ಸಾಕಿದ್ದು ಅವಳು.

ಆದ್ರೂ ಸೋಮವಾರ ಒಂದು ದಿನ ಬರೋಣ ಅಂತ ಹೊರಟೆ. ಭಾನುವಾರ ಸಂಜೆ ಕೊನೇ ಬಸ್ಸಿಗೆ ಬಂದು ಮಾವನ ಅಂಗಡಿಯಲ್ಲಿ ಮಲಗೋದು ಅಂತ. "ಹೋಗೇ, ನಾನೇನು ಮಗುನಾ" ಅಂತ ದೊಡ್ಡಮ್ಮನೇ ಬೈದು ಕಳಿಸಿದ್ಳು. ಬಾಗಿಲಿಗೆ ಬಂದು ನಿಂತ್ಳು. ಬಸ್ಸು ಸುತ್ತು ಹಾಕ್ತಲ್ಲ, ಸದ್ದು ಯಾವ ಕಡೆಯಿಂದ ಬಂತು ಅಂತ ಅವಳಿಗೆ ತಿಳೀಲಿಲ್ಲ. ಭಟ್ಟಿ ಕಡೆ ತಿರುಗಿ ಕೈ ಬೀಸ್ತಾ ನಿಂತಿದ್ಳು. ಯಾರೂ ಇಲ್ಲದ ಕಡೆ, ನಗ್ತಾ. ನಾನು ಎರಡನೇ ಸ್ಟಾಪಲ್ಲೇ ಇಳ್ಕೊಂಡು ವಾಪಸ್ ನಡೆದೆ.

ಸೋಮವಾರ ಮೊದಲ ಬಸ್ಸಿಗೆ ಬಂದೆ. ನಿಮ್ಮ ಬೀದಿ ತುಂಬ ಗಲಾಟೆ. ನಾನು ಇಳಿಯೋ ಹೊತ್ತಿಗೆ ನೀವು ಕೆಳಗಿಳಿದು ಬರ್ತಿದ್ರಿ. ಕತ್ತಿಗೆ ಬೂದು ಬಣ್ಣದ ಮಫ್ಲರ್ ಸುತ್ಕೊಂಡಿದ್ರಿ. ಯಾರೂ ಹೇಳದೇ ನನಗೆ ಗೊತ್ತಾಯ್ತು. ಫುಟ್‌ಪಾತ್ ಮೇಲೆ ನನ್ನ ಪಕ್ಕದಲ್ಲೇ ನಿಂತ್ರಿ. ತಲೆ ಎತ್ತಿ ಆ ಕಿಟಕಿ ನೋಡಿದ್ರಿ. ಕೈ ಎತ್ತಿದ್ರಿ, ಅರ್ಧಕ್ಕೇ ಇಳಿಸಿದ್ರಿ. ಕೈ ಚಾಚಿದ್ರೆ ನಿಮ್ಮ ಮಫ್ಲರ್ ಮುಟ್ಟಬಹುದಿತ್ತು. "ಮೇಡಂ" ಅಂತ ಒಂದು ಮಾತು ಅನ್ನೋಕೆ ನನ್ನ ಬಾಯಿಗಾಗಲಿಲ್ಲ.

ಮತ್ತೆ... ಕೈ ಬೀಸಿದ್ದು ಮೇಲಿನ ರೂಮಿನ ಕಾಜಾ ಹೊಲಿಯೋ ತಾತ. ಬೆಳಗಿನ ಜಾವವೇ ಎದ್ದು ಅಂಗಿಗೆ ಗುಂಡಿ ಹಾಕೋದು, ಗುಂಡಿ ತೂರೋ ಕಾಜಾ ಹೊಲಿಯೋದು ಮಾಡ್ತಾರೆ. ಎದುರುಗಡೆ ಯಾರೋ ಹೆಂಗಸು ದಿನಾ ತನಗೇ ಕೈ ಬೀಸ್ತಾಳೆ ಅಂತ ತಾತ ಈಗ ದಿನಾ ಶೇವ್ ಮಾಡ್ಕೊಳ್ತಾರಂತೆ. ಮಾವ ಹೇಳಿದ. ನಗಬೇಕೋ ಅಳಬೇಕೋ ತಿಳೀಲಿಲ್ಲ.

ಇಷ್ಟೇ ಮೇಡಂ. ಕೆಲಸ ಹೋದ್ರೆ ಹೋಗಲಿ. ನೀವು ಕಾದಿದ್ರಲ್ಲ, ಅದೇ ನನಗೆ ತಡೆಯೋಕಾಗ್ತಿಲ್ಲ.

ನಾನು

ಜೂನ್ ೧೧

ಮೇಡಂ,

ಉತ್ತರ ಬೇಡ. ಸುಮ್ಮನೆ ಬರೀತಿದೀನಿ.

ಹೊಸ ಚಿಪ್ ಬಂತು. ಓದಿನಲ್ಲಿ ಒಂದೂ ತಪ್ಪಿಲ್ಲ. ಹೊಸ ಕಿವಿಯವರು ಒಳ್ಳೇ ಕೆಲಸ ಮಾಡ್ತಿದ್ದಾರೆ. ನಾನು ತಪ್ಪು ಸಿಗಲಿ ಸಿಗಲಿ ಅಂತ ಕೇಳಿದೆ, ಸಿಗಲಿಲ್ಲ. ಹೊಟ್ಟೆಕಿಚ್ಚು ಇರೋದು ನಿಜ, ಮುಚ್ಚಿಡಲ್ಲ.

ದೊಡ್ಡಮ್ಮ ಮಾತ್ರ ಅರ್ಧಕ್ಕೇ ನಿಲ್ಲಿಸು ಅಂದ್ಳು. "ಅವಳು ಸಾಲು ಮುಗಿಯೋಕೆ ಮುಂಚೆ ಉಸಿರು ಬಿಡ್ತಿದ್ದಾಳೆ ಕಣೇ. ಏನೋ ಬೇಜಾರಲ್ಲಿದ್ದಾಳೆ" ಅಂದ್ಳು. ಯಾಕೆ ಅಂತ ನನಗೆ ಗೊತ್ತು ಅಂತ ಹೇಳಲಿಲ್ಲ.

ಕಂಡಕ್ಟರ್ ಬ್ಯಾಗ್ ತಟ್ಟಿ ತೋರಿಸಿ "ಇವತ್ತೂ ಇಲ್ಲ ತಾಯಿ" ಅಂತಾನೆ. ಈಗ ರೇಗಿಸೋದು ಬಿಟ್ಟಿದ್ದಾನೆ.

ಜೂನ್ ೩೦

ಮಗು,

ಸಿಟ್ಟು ಬಂದಿತ್ತು. ಸುಳ್ಳು ಹೇಳಿದೆ ಅಂತಲ್ಲ. ನನ್ನ ಪಕ್ಕದಲ್ಲೇ ನಿಂತಿದ್ದೂ ಮಾತಾಡಿಸಲಿಲ್ಲವಲ್ಲ ಅಂತ. ಇಷ್ಟು ದಿನ ಮೌನವಾಗಿದ್ದು ನಾನೂ ಅದನ್ನೇ ಮಾಡಿದೆ.

ಕಾಜಾ ತಾತನ ವಿಷಯಕ್ಕೆ ಒಂದು ವಾರ ಕಿಟಕಿ ಕಡೆ ತಲೆ ಎತ್ತಲಿಲ್ಲ, ಅಷ್ಟು ನಾಚಿಕೆ. ಆಮೇಲೆ ಪಾಪ ಅನ್ನಿಸ್ತು. ಈಗ ಮತ್ತೆ ಬೀಸ್ತೀನಿ. ಅವರೂ ಬೀಸ್ತಾರೆ. ಅಷ್ಟೇ, ಬೇರೇನೂ ಇಲ್ಲ ಅಂತ ನಿನ್ನ ಮಾವನಿಗೆ ಹೇಳು.

ಪಕ್ಕದ ರಸ್ತೆಯವರು ಬಿಟ್ಟುಹೋದ್ರು. ಬೇರೆ ಊರಲ್ಲಿ ಇದಕ್ಕಿಂತ ಒಳ್ಳೇ ಕೆಲಸ ಸಿಕ್ತಂತೆ. ಹತ್ತಿರದವರು ಅಂತ ತಗೊಂಡಿದ್ದು ನೋಡು! ಮ್ಯಾನೇಜರು ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ನಾನು ಮೂರನೇ ಟ್ರೇ ಎತ್ತಿ ಮೇಜಿನ ಮೇಲೆ ಸುರಿದೆ. ಕವರೂ ಬಿಚ್ಚಿಲ್ಲ. ಒಬ್ಬರ ಹೆಸರೂ ಓದಿಲ್ಲ, ಊರು ಮಾತ್ರ ಓದಿದ್ದಾರೆ. ನಿನ್ನದೂ ಇತ್ತು, ಮೇಲೆ ಕೆಂಪು ಪೆನ್ನಲ್ಲಿ 'ದೂರ' ಅಂತ ಬರೆದಿತ್ತು.

ಆ ರಾಶಿ ಮುಂದೆ ಕೂತು ನಿನ್ನ ಪರೀಕ್ಷೆ ಚಿಪ್ ಇನ್ನೊಂದು ಸಲ ಹಾಕಿದೆ. ನಿನ್ನ ಮಾತು ಕೇಳೋಕಲ್ಲ, ಮಾತಿನ ಮಧ್ಯೆ ನೀನು ನಿಲ್ಲಿಸ್ತೀಯಲ್ಲ, ಅದನ್ನ ಕೇಳೋಕೆ. ಅಲ್ಲಿ ಏನೂ ಇಲ್ಲ ಮಗಳೇ. ಒಂದು ಹಾರ್ನ್ ಇಲ್ಲ, ಬಾಗಿಲು ಬಡಿದ ಸದ್ದಿಲ್ಲ. ನನಗೆ ಅವತ್ತೇ ಅನುಮಾನ ಬರಬೇಕಿತ್ತು. ಈ ಬೀದಿಯ ಮೇಲಿನ ರೂಮಿಗೆ ಅಂಥ ಮೌನ ಎಲ್ಲಿಂದ ಬರಬೇಕು? ಬೆಳಕು ಹರಿಯೋ ಮುಂಚೆ ಇಲ್ಲಿ ಕದ್ದು ಮುಚ್ಚಿ ನಾವು ಹಿಡಿಯೋ ಮೌನ, ನಿನ್ನ ಕೊನೇ ಸ್ಟಾಪಲ್ಲಿ ಹಗಲಲ್ಲೂ ಸುಮ್ಮನೆ ಬಿದ್ದಿದೆ.

ಮ್ಯಾನೇಜರಿಗೆ ಕೇಳಿಸಿದೆ. "ಮೌನ ಏನೋ ಚೆನ್ನಾಗಿದೆ, ಆದ್ರೆ ದೂರ ಅಲ್ವಾ ಮೇಡಂ" ಅಂದ್ರು. "ಯಾರಿಗೆ ದೂರ?" ಅಂದೆ. ಓದು ಬಿಟ್ಟು ಬೇರೆ ಮಾತು ನಾನು ಆಡಿದ್ದು ಅವರು ಕೇಳಿ ತಿಂಗಳುಗಳಾಗಿತ್ತು, ಬೆಚ್ಚಿಬಿದ್ರು. "ಅವಳಿಗೆ ಬರೋಕಾಗಲ್ಲ ಅಂದ್ರೆ ನಾನು ಹೋಗ್ತೀನಿ. ವಾರಕ್ಕೊಂದು ದಿನ. ಮಷಿನ್ನು ಒಂದು ಚೀಲದಲ್ಲಿ ಹಿಡಿಯುತ್ತೆ." ಒಂದು ಅಧ್ಯಾಯ ತಂದು ಕೇಳಿಸಿ, ಆಮೇಲೆ ನೋಡೋಣ ಅಂದಿದ್ದಾರೆ. ಅವರ 'ನೋಡೋಣ' ಅಂದ್ರೆ 'ಬೇಡ' ಅಂತಾನೇ ಲೆಕ್ಕ. ಈ ಒಂದು ಅಧ್ಯಾಯದ ಮೇಲೆ ನಿಂತಿದೆ ಎಲ್ಲ.

ಭಟ್ಟಿ ಸದ್ದೂ ಇರಬಾರದು. ಅದಕ್ಕೆ ರಜೆ ಯಾವ ದಿನ?

ಓದೋಳು

ಜುಲೈ ೫

ಅಮ್ಮಾ,

(ಮೇಡಂ ಅಂತ ಬರೆದು ಹೊಡೆದು ಹಾಕಿದೆ. ನೀವು 'ನೀನು' ಮಾಡ್ಕೊಂಡ್ರಿ ತಾನೆ, ಇದು ನನ್ನ ಸರದಿ.)

ಭಾನುವಾರ! ಭಟ್ಟಿಗೆ ಭಾನುವಾರ ರಜೆ! ಆ ಪರೀಕ್ಷೆ ಚಿಪ್ ತುಂಬಿಸಿದ್ದೂ ಭಾನುವಾರವೇ.

ನಿಮ್ಮ ಪತ್ರ ಬಸ್ ಸ್ಟಾಪಲ್ಲೇ ನಿಂತು ಓದಿದೆ, ಕಂಡಕ್ಟರ್ ಬಸ್ ಹೊರಡಿಸದೇ ಕಾದ. ಒಳಗಿದ್ದ ಒಬ್ಬರು "ಏನ್ ಸಾರ್, ಇವತ್ತೇ ಹೋಗುತ್ತಾ ಬಸ್ಸು?" ಅಂದ್ರೆ "ಇರ್ರೀ, ಹುಡುಗಿ ಅಳ್ತಿದೆ" ಅಂದ. ನಾನೇನೂ ಅಳ್ತಿರಲಿಲ್ಲ.

ತಯಾರಿ ಜೋರು. ಕಿಟಕಿಗೆ ಎರಡು ಕಂಬಳಿ. ಗಡಿಯಾರ ಪಕ್ಕದ ಮನೆಗೆ. ಕೋಳಿಗಳನ್ನ ಅತ್ತೆ ತಮ್ಮ ಹಿತ್ತಲಿಗೆ ಕರ್ಕೊಂಡು ಹೋಗ್ತಾರೆ, ಒಂದು ಹುಂಜ ಮಾತ್ರ ಯಾರ ಮಾತೂ ಕೇಳಲ್ಲ. ಬಸ್ಸಿಂದೇ ಚಿಂತೆ ಇತ್ತು. ಡ್ರೈವರ್ ತಿರುವಲ್ಲಿ ಹಾರ್ನ್ ಹೊಡೀದೆ ಬಂದವನೇ ಅಲ್ಲ. ಭಾನುವಾರ ಹೊಡೆಯಲ್ಲ ಅಂತ ಕಂಡಕ್ಟರ್ ಆಣೆ ಹಾಕ್ಸಿದ್ದಾನೆ.

ದೊಡ್ಡಮ್ಮನಿಗೆ ಹೇಳಿದೆ. ತಕ್ಷಣ ಎದ್ದು ಪೆಟ್ಟಿಗೆ ತೆಗೆದು ನೀಲಿ ಸೀರೆ ಹುಡುಕೋಕೆ ಶುರು ಮಾಡಿದ್ಳು. "ಅವರಿಗೆ ಈ ಸಲ ನೀನು ಕಾಣ್ತೀಯ" ಅಂದೆ. "ಅದಕ್ಕೇ ಕಣೇ" ಅಂದ್ಳು.

ನನಗೆ ಒಂದೇ ಭಯ. ನೀವು ಓದ್ತಾ ಇದ್ರೆ ನಾನು ಸಾಲು ನೋಡೋದು ಮರೆತು ನಿಮ್ಮ ಮುಖ ನೋಡ್ತಾ ಕೂತ್ಬಿಟ್ರೆ?

ಪೆನ್ಸಿಲು ತನ್ನಿ.

ಕೊನೇ ಸ್ಟಾಪಿನವಳು

ಜುಲೈ ೧೫

ಮಗಳೇ,

ಮೊದಲು ಕೆಲಸದ ವಿಷಯ, ಇಲ್ಲಾಂದ್ರೆ ನೀನು ಕೆಳಗಿನ ಸಾಲಿಗೆ ಹಾರಿಬಿಡ್ತೀಯ. ಮ್ಯಾನೇಜರು ಇಡೀ ಅಧ್ಯಾಯ ಕಣ್ಣು ಮುಚ್ಚಿ ಕೇಳಿದ್ರು. ಮುಗಿದ ಮೇಲೆ "ಇದ್ಯಾವ ಸ್ಟುಡಿಯೋ?" ಅಂದ್ರು. ಗೊತ್ತಿದ್ದೂ ಕೇಳಿದ್ರು. ನಿನ್ನ ಅರ್ಜಿ ತೆಗೆದು, 'ದೂರ' ಅನ್ನೋದನ್ನ ಹೊಡೆದು ಹಾಕದೇನೇ, ತಂದು ಮೊದಲನೇ ಟ್ರೇಗೆ ಹಾಕಿದ್ರು. ವಾರಕ್ಕೆ ಒಂದೇ ದಿನದ ಕೆಲಸ, ಒಂದೇ ದಿನದ ಸಂಬಳ. ನನಗೆ ಇನ್ನೂ ಹೆಚ್ಚು ಕೇಳಬೇಕು ಅಂತಿತ್ತು, ಗಂಟಲು ಬಿಡಲಿಲ್ಲ. ಬಾಕಿ ಆರು ದಿನ ನಾನು ಇಲ್ಲಿ ಕಿವಿ ಇಲ್ಲದೇ ಓದಬೇಕು. ಟಕ್ ಅಂತ ಕೇಳಿಸ್ತೇನೋ ಅಂತ ಇವತ್ತು ಎರಡು ಸಲ ತಲೆ ಎತ್ತಿದೆ. ಎದುರಿಗೆ ಖಾಲಿ ಕುರ್ಚಿ.

ನೀನು ಮುಖ ನೋಡ್ತಾ ಕೂರಲಿಲ್ಲ. ಒಂದು ಸಲ ಕೂತೆ, ನನಗೆ ಗೊತ್ತಾಯ್ತು, ಅದಕ್ಕೇ ಬೇಕಂತ ಒಂದು ಪದ ಬಿಟ್ಟೆ. ತಟ್ಟಿದೆಯಲ್ಲ! ಹುಂಜ ಕೂಗಿದ್ದನ್ನ ನಾನು ಕತ್ತರಿಸಿಲ್ಲ. ಮೊದಲು ನಾನು ಪುಟ ತಪ್ಪಿಸಿದ್ದ ಅಧ್ಯಾಯವನ್ನೇ ಮತ್ತೆ ಓದಿದ್ವಲ್ಲ, ದೋಣಿಯವಳು ತಮ್ಮನಿಗಾಗಿ ವಾಪಸ್ ದಡ ಸೇರೋ ಜಾಗದಲ್ಲೇ ಕೂಗಿದೆ, ಬರೆದವರೇ ಹಾಕಿದ ಹಾಗಿದೆ. ನಿನ್ನ ದೊಡ್ಡಮ್ಮ ನನ್ನ ಕೈ ಹಿಡ್ಕೊಂಡು "ಊಟ ಮಾಡಿ ಓದು" ಅಂದಾಗ ಓದು ಆಮೇಲೆ ಅಂತ ತಟ್ಟೆ ಮುಂದೆ ಕೂತೆ.

ಆ ದಾರಿ ಎಷ್ಟು ಉದ್ದ ಇದೆ! ವಾಪಸ್ ಬರುವಾಗ ಕಿಟಕಿಗೆ ತಲೆ ಒರಗಿಸಿ ಮೇಷ್ಟ್ರನ್ನ ನೆನೆಸ್ಕೊಂಡೆ. ದಿನಾ ಇಷ್ಟು ದೂರ ಬಂದು, ಆರಿದ ಮೈಕಿನ ಮುಂದೆ ಕೂತು ಹೋಗ್ತಿದ್ರಲ್ಲ. ಅವರ ವಿಳಾಸ ಹುಡುಕ್ತಿದೀನಿ. ಕಂಡಕ್ಟರ್ "ಪತ್ರ ಬರೆದುಕೊಡಿ, ನಾನು ತಲುಪಿಸ್ತೀನಿ" ಅಂದಿದ್ದಾನೆ, ಅವನಿಗೆ ಯಾವ ಸ್ಟಾಪು ಅಂತ ಗೊತ್ತಂತೆ.

ಇನ್ನೊಂದು ಮಾತು. ನಿನ್ನ ಸ್ಟಾಪಲ್ಲಿ ಬಸ್ಸು ಹೊರಟು ಸುತ್ತು ಹಾಕ್ತಲ್ಲ, ಆಗ ನೀನು ದೊಡ್ಡಮ್ಮನ ಹಿಂದೆ ನಿಂತು, ಅವಳ ಎರಡೂ ಹೆಗಲು ಹಿಡಿದು, ಬಸ್ಸು ತಿರುಗಿದ ಹಾಗೆ ಅವಳನ್ನೂ ತಿರುಗಿಸ್ತಿದ್ದೆ. ನನ್ನ ಕಣ್ಣಿಗೆ ದೂರದ್ದು ಕಾಣಲ್ಲ ಅಂತ ಗೊತ್ತಲ್ಲ. ಆದ್ರೂ ನೀಲಿ ಸೀರೆ ಕಂಡಿತು, ಅದರ ಹಿಂದೆ ನೀನು.

ನಾನು ಕಿಟಕಿಯಿಂದ ಕೈ ಆಚೆ ಹಾಕಿ ಬೀಸಿದೆ. ನೀವಿಬ್ಬರೂ ತಿರುಗಿ ಬೀಸಿದ್ರಿ, ಸರಿಯಾಗಿ ನಾನಿದ್ದ ಕಡೆಗೇ.

ಭಾನುವಾರ ಬರ್ತೀನಿ.

ಓದೋಳು